ಓದುಗರ ಸ್ಪಂದನ: ನಿವೃತ್ತ ಸಿಸ್ಟರ್ ಒಬ್ಬರ ರಾತ್ರಿಗಳು

ಓದುಗರೊಬ್ಬರ ಸಮಸ್ಯೆ: ‘ಯಾದಗಿರಿ ಜಿಲ್ಲೆಯವಳು. ಇಡೀ ಆಯುಷ್ಯ ವಾರ್ಡಿನಲ್ಲೇ ಕಳೆದೆ. ಈಗ ನಿವೃತ್ತಿ. ರಾತ್ರಿಯಾದರೆ ಉಳಿಸಿಕೊಳ್ಳಲು ಆಗದ ರೋಗಿಗಳ ಮುಖಗಳು ಕಣ್ಣ ಮುಂದೆ ಬರುತ್ತವೆ. ಹಗಲು ಮಾಡಲು ಕೆಲಸವಿಲ್ಲ. ಏನು ಮಾಡಲಿ?’

ಅಕ್ಕಾ, ನಾನೂ ಕಲಬುರಗಿಯ ದವಾಖಾನೆಯಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ‘ಎಲ್ಲ ಮರೆತು ಆರಾಮಾಗಿರು’ ಅಂತ ಮನೆಯವರು ಹೇಳುತ್ತಾರೆ, ಅಲ್ವಾ? ಅದು ಆಗುವ ಮಾತಲ್ಲ. ಒಬ್ಬರು ತೀರಿಕೊಂಡಾಗ ಅಳಲು ನಮಗೆ ಹೊತ್ತೆಲ್ಲಿತ್ತು? ಪಕ್ಕದ ಬೆಡ್ಡಿನ ಸಲೈನ್ ಮುಗಿಯುತ್ತಾ ಬಂದಿರುತ್ತಿತ್ತು. ಚಾರ್ಟ್ ಬರೆಯಬೇಕು, ಮುಂದಿನ ಪಾಳಿಯವರಿಗೆ ಎಲ್ಲ ಹೇಳಿ ಹೊರಡಬೇಕು. ಅವತ್ತು ತಡೆದುಕೊಂಡ ಅಳು ಈಗ ಬರುತ್ತಿದೆ. ಬರಲಿ ಬಿಡಿ.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ದೇಶದಲ್ಲೇ ಮೊದಲು ತೀರಿಕೊಂಡವರು ನಮ್ಮ ಕಲಬುರಗಿಯವರು. ಆಮೇಲೆ ಎಷ್ಟೋ ರೋಗಿಗಳ ಹತ್ತಿರ ಮನೆಯವರು ಬರುವಂತಿರಲಿಲ್ಲ. ಕೊನೆಯಲ್ಲಿ ಅವರ ಕೈ ಹಿಡಿದವರು ನಾವೇ. ಅದನ್ನು ಹೇಗೆ ಮರೆಯುವುದು? ಯಾಕೆ ಮರೆಯಬೇಕು? ನಾವು ಹಳೆಯ ಜೊತೆಗಾರರು ಆಗಾಗ ಅಪ್ಪನ ಕೆರೆ ಹತ್ತಿರ ಕೂಡುತ್ತೇವೆ. ತೀರಿಕೊಂಡವರ ಬಗ್ಗೆ ಮಾತಾಡುತ್ತೇವೆ, ಅಳುತ್ತೇವೆ. ಬದುಕಿ ಮನೆಗೆ ಹೋದವರನ್ನೂ ನೆನೆಯುತ್ತೇವೆ. ನಿಮ್ಮ ಜೊತೆ ಕೆಲಸ ಮಾಡಿದವರಿಗೆ ಇವತ್ತೇ ಫೋನ್ ಹಚ್ಚಿ. ವಾರಗಟ್ಟಲೆ ನಿದ್ದೆ ಬಾರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಬೇಕಿಲ್ಲ. ರೋಗಿಗಳಿಗೆ ‘ಸಂಕೋಚ ಬೇಡ, ಡಾಕ್ಟರಿಗೆ ಹೇಳಿ’ ಅನ್ನುತ್ತಿದ್ದೆವಲ್ಲ, ಅದು ನಮಗೂ ಸಲ್ಲುತ್ತದೆ.
– ನಿವೃತ್ತ ನರ್ಸ್, ಕಲಬುರಗಿ

ನನ್ನ ಅವ್ವನೂ ನರ್ಸ್. ನೈಟ್ ಡ್ಯೂಟಿಯ ರೂಢಿ ಇನ್ನೂ ಬಿಟ್ಟಿಲ್ಲ, ನಡುರಾತ್ರಿ ಎದ್ದು ಕೂರುತ್ತಾಳೆ. ಮೊದಲು ‘ಸುಮ್ನೆ ಮಲಗವ್ವಾ’ ಅನ್ನುತ್ತಿದ್ದೆವು. ಈಗ ಯಾರಾದರೊಬ್ಬರು ಎದ್ದು ಜೊತೆಗೆ ಕೂರುತ್ತೇವೆ. ನಿಮ್ಮ ಮಕ್ಕಳಿಗೂ ಈ ಪತ್ರ ಓದಲು ಕೊಡಿ.
– ಒಬ್ಬ ಮಗಳು, ಬೀದರ್

ಅಮ್ಮಾ, ನಾನು ಶಹಾಪುರ ಕಡೆಯ ಆರೋಗ್ಯ ಕೇಂದ್ರದಲ್ಲಿ ಹೊಸದಾಗಿ ಸೇರಿದವಳು. ಹುಟ್ಟಿದ ಕೂಸಿಗೆ ಒಂದು ತಾಸಿನೊಳಗೆ ಎದೆಹಾಲು ಕೊಡಿ, ಜೇನುತುಪ್ಪ ನೆಕ್ಕಿಸಬೇಡಿ, 6 ತಿಂಗಳು ನೀರೂ ಬೇಡ ಅಂತ ಹೇಳಿದರೆ ‘ನಿನಗೆ ಮಕ್ಕಳಾಗಿವೆಯೇನು?’ ಅಂತ ಮನೆಯ ಹಿರಿಯರು ಕೇಳುತ್ತಾರೆ. ಎಷ್ಟೋ ಹೆರಿಗೆ ನೋಡಿದ ನೀವು ಹೇಳಿದರೆ ಅವರು ಕೇಳುತ್ತಾರೆ. ಕಡಿಮೆ ತೂಕದ ಕೂಸನ್ನು ತಾಯಿಯ ಎದೆಗೆ ಹೇಗೆ ಒರಗಿಸಿ ಕಟ್ಟಬೇಕು ಅನ್ನುವುದನ್ನು ನಾವೂ ನಿಮ್ಮ ಕೈಯಿಂದ ಕಲಿಯಬೇಕು. ಗುರುವಾರ ಲಸಿಕೆಗೆ ತಾಯಂದಿರು ಬಂದಿರುತ್ತಾರೆ. ನಿಮಗೆ ಹತ್ತಿರದ ಯಾವ ಕೇಂದ್ರಕ್ಕಾದರೂ ಸರಿ, ಒಂದು ಸಲ ಬನ್ನಿ.
– ಕಿರಿಯ ಸಿಸ್ಟರ್, ಯಾದಗಿರಿ ಜಿಲ್ಲೆ