ಟ್ರೇಲರ್ ಹಬ್ ಬಿಸಿ, ಒಂದು ಸ್ಟಡ್ ಕಟ್: ಹಂಗಾಮಿಗೆ ಮುಂಚೆ ಏನೇನು ನೋಡಿಸಬೇಕು?

ಕೇಳಿದವರು, ಪಾಂಡವಪುರ: ಕಬ್ಬು ಹೊಡೆಯೋಕೆ ಹಳೇ ಎರಡು ಚಕ್ರದ ಟಿಪ್ಪಿಂಗ್ ಟ್ರೇಲರ್ ತಗೊಂಡಿದ್ದೀವಿ. 9.00-16 ನೈಲಾನ್ ಟೈರು, ಲಾಕ್ ರಿಂಗ್ ಡಿಸ್ಕು (ಟೈರನ್ನು ಒಂದು ಉಕ್ಕಿನ ಬಳೆ ಹಿಡಿದಿಡುವ ಚಕ್ರ). ಎಡಗಡೆ ಹಬ್ (ಚಕ್ರದ ನಡುವೆ ಬೇರಿಂಗ್ ಕೂರುವ ಭಾಗ) ಜಾಸ್ತಿ ಬಿಸಿಯಾಗುತ್ತೆ, ಅದೇ ಚಕ್ರದಲ್ಲಿ ಒಂದು ಸ್ಟಡ್ (ಚಕ್ರ ಹಿಡಿಯುವ ಬೋಲ್ಟ್) ಕಟ್ಟಾಗಿದೆ. ಕಾರ್ಖಾನೆ ಶುರುವಾಗೋ ಮುಂಚೆ ಸರಿಮಾಡಿಸಬೇಕು. ಗೊತ್ತಿರೋರು ಹೇಳಿ.

ಮದ್ದೂರು: ಮೊದಲು ಹಬ್ ಬಿಚ್ಚಿ, ಟೈರಿನ ಮಾತು ಆಮೇಲೆ. ಖಾಲಿ ಟ್ರೇಲರು ಟ್ರ್ಯಾಕ್ಟರಿಗೆ ಸಿಕ್ಕಿಸಿದ ಹಾಗೇ ಇರಲಿ. ಗಟ್ಟಿ ನೆಲ, ಹ್ಯಾಂಡ್‌ಬ್ರೇಕ್, ಬಲ ಚಕ್ರದ ಹಿಂದೆ ಮುಂದೆ ಮರದ ತುಂಡು. ಚಕ್ರ ನೆಲದ ಮೇಲಿರುವಾಗಲೇ ಚಕ್ರದ ನಟ್ಟು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕಿ. ಜಾಕಿ ಆಕ್ಸಲ್ಲಿಗೆ ಕೊಡಬೇಕು, ತೊಟ್ಟಿಗಲ್ಲ. ಎತ್ತಿದ ಮೇಲೆ ಆಕ್ಸಲ್ ಕೆಳಗೆ ಮರದ ದಿಮ್ಮಿ ಇಡದೆ ಕೈ ಹಾಕಬೇಡಿ.

ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗ್ ಸಡಿಲ. ತಿರುಗಿಸಿದಾಗ ಗರಗರ ಅಂದರೆ ಬೇರಿಂಗ್ ಹೋಗಿದೆ. ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ರೋಲರು, ಕಪ್ಪು (ರೋಲರ್ ಉರುಳುವ ಹೊರಗಿನ ಬಳೆ) ಎರಡನ್ನೂ ಬೆಳಕಿಗೆ ಹಿಡಿದು ನೋಡಿ. ಗಾಳಿ ಹೊಡೆದು ಬೇರಿಂಗನ್ನು ಗಿರ್ರನೆ ತಿರುಗಿಸಬೇಡಿ, ರೋಲರ್ ಹಾರಿ ಮುಖಕ್ಕೆ ಬೀಳುತ್ತೆ. ಕೂಡಿಸುವಾಗ ಚಕ್ರ ತಿರುಗಿಸುತ್ತಲೇ ಆಕ್ಸಲ್ ತುದಿಯ ನಟ್ಟು ಬಿಗಿ ಮಾಡಿ. ತಿರುಗಲು ಭಾರ ಅನ್ನಿಸಿದಾಗ ನಿಲ್ಲಿಸಿ, ಆರನೇ ಒಂದರಿಂದ ಕಾಲು ಸುತ್ತು ಹಿಂದಕ್ಕೆ ತೆಗೆದು, ತೂತಿಗೆ ಸರಿಯಾಗಿ ಹೊಸ ಸ್ಪ್ಲಿಟ್ ಪಿನ್ ಹಾಕಿ. ಹಳೇ ಪಿನ್ ನೆಟ್ಟಗೆ ಮಾಡಿ ಹಾಕೋ ಉಳಿತಾಯ ಬೇಡ.

ಅಥಣಿ: ಗ್ರೀಸ್ ವಿಷಯಾ ಬಿಟ್ಟೀರಿ ನೋಡ್ರಿ. ಹಬ್ ತುಂಬ ಗ್ರೀಸ್ ತುಂಬೋದ ದೊಡ್ಡ ತಪ್ಪ. ರೋಲರ್ ನಡುವ ಅಂಗೈಯಿಂದ ಒತ್ತಿ ತುಂಬ್ರಿ, ಹಬ್ಬಿನ ಖಾಲಿ ಜಾಗಾದಾಗ ಮೂರರಾಗ ಒಂದ ಭಾಗ ಗ್ರೀಸ್ ಇದ್ದರ ಸಾಕ. ಜಾಸ್ತಿ ಆದರ ಅದ ಕಡದು ಬಿಸಿ ಆಗ್ತೈತಿ, ಸೀಲ್ ಒಡದ ಹೊರಗ ಬರ್ತೈತಿ. ಲಿಥಿಯಂ ಎಪಿ-3 ಹಾಕ್ರಿ. ಪಟ್ಟಾ ಪಿನ್ನಿಗೆ ಹೊಡಿಯೋ ಚಾಸಿಸ್ ಗ್ರೀಸ್ ಇದರಾಗ ಬೆರಸಬ್ಯಾಡ್ರಿ, ಎರಡೂ ಕೂಡಿದರ ನೀರ ಆಗಿ ಸೋರ್ತೈತಿ.

ಕೇಳಿದವರು: ಬಿಚ್ಚಿಸಿದೆವು. ಹೊರಗಿನ ಬೇರಿಂಗ್ ನೀಲಿ ಬಣ್ಣಕ್ಕೆ ತಿರುಗಿದೆ, ಒಳಗಿನದು ಚೆನ್ನಾಗೇ ಇದೆ. ಒಂದೇ ಬದಲಿಸಿದರೆ ಸಾಕಾ?

ಮದ್ದೂರು: ನೀಲಿ ಅಂದರೆ ಕಾದು ಉಕ್ಕಿನ ಹದ ಹೋಗಿದೆ. ಕಪ್ಪು ಸಮೇತ ಬದಲಿಸಿ, ಹೊಸ ರೋಲರಿಗೆ ಹಳೇ ಕಪ್ಪು ಕೂರುವುದಿಲ್ಲ. ನಂಬರ್ ಬೇರಿಂಗಿನ ಮೇಲೇ ಕೊರೆದಿರುತ್ತೆ, ಅದನ್ನೇ ಕೇಳಿ. ಒಳಗಿನದೂ ಅದೇ ಕಾವು ತಿಂದಿದೆ, ಹಬ್ ಹೇಗೂ ಬಿಚ್ಚಿದೆ, ಅದನ್ನೂ ಆಯಿಲ್ ಸೀಲನ್ನೂ ಹಾಕಿಬಿಡಿ.

ಕಟ್ಟಾದ ಸ್ಟಡ್ಡಿನ ಭಾರವನ್ನು ಪಕ್ಕದ ಎರಡು ಹೊತ್ತಿರುತ್ತವೆ, ಅವನ್ನೂ ಬದಲಿಸಿ. ವೆಲ್ಡಿಂಗ್ ಬೇಡ. ಡಿಸ್ಕಿನ ತೂತು ಉದ್ದುದ್ದ ಆಗಿದ್ದರೆ, ಅಥವಾ ತೂತಿನಿಂದ ತುಕ್ಕಿನ ಗೆರೆ ಇಳಿದಿದ್ದರೆ ಚಕ್ರ ಸಡಿಲವಾಗಿ ಓಡಿದೆ ಅಂತ ಅರ್ಥ, ಆ ಡಿಸ್ಕ್ ಗುಜರಿಗೆ. ಚಕ್ರದ ನಟ್ಟನ್ನು ಎದುರು ಬದುರು ಬಿಗಿ ಮಾಡಿ. ಎಷ್ಟು ಬಿಗಿ ಅನ್ನೋದು ಸ್ಟಡ್ಡಿನ ದಪ್ಪದ ಮೇಲೆ ಹೋಗುತ್ತೆ. ಅಂದಾಜಿಗೆ, ಒಂದು ಮೀಟರ್ ಹಿಡಿಯ ತುದಿಯಲ್ಲಿ 30 ಕೆಜಿ ಒತ್ತಿದರೆ ಸುಮಾರು 300 ನ್ಯೂಟನ್ ಮೀಟರ್. ಪೈಪಿನ ಮೇಲೆ ಹತ್ತಿ ಕುಣಿದರೆ ಅದರ ಎರಡರಷ್ಟು ಬೀಳುತ್ತೆ, ಸ್ಟಡ್ ಎಳೆದುಕೊಳ್ಳುತ್ತೆ. 50 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ಮಾಡಿ. ಲಾರಿ ಆಕ್ಸಲ್ ಹಾಕಿದ್ದರೆ ಎಡಗಡೆ ಸ್ಟಡ್ ತಲೆಯಲ್ಲಿ ‘ಎಲ್’ ಗುರುತಿದೆಯಾ ನೋಡಿ, ಇದ್ದರೆ ಉಲ್ಟಾ ಮರೆ (ಥ್ರೆಡ್), ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತೆ.

ಪಂಕ್ಚರ್ ಅಂಗಡಿ, ಹುಣಸೂರು: ಲಾಕ್ ರಿಂಗ್ ಅಂದಿರಲ್ಲ, ಜೀವ ಹೋಗೋದು ಅಲ್ಲೇ. ಟೈರ್ ಕಳಚೋ ಮುಂಚೆ ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ರಿಂಗ್ ಬಾಗಿದ್ದರೆ, ಅದು ಕೂರುವ ಡಿಸ್ಕಿನ ಗಾಡಿಯಲ್ಲಿ (ಸುತ್ತಲಿನ ಸೀಳಿನಲ್ಲಿ) ತುಕ್ಕು ಕೂತಿದ್ದರೆ ಹಾಕಲೇಬೇಡಿ. ಸುತ್ತಿಗೆ ಹೊಡೆದು ಕೂರಿಸೋದಿದ್ದರೆ ಗಾಳಿ ಸೊನ್ನೆ ಇರುವಾಗ ಮಾತ್ರ. ಗಾಳಿ ತುಂಬುವಾಗ ಚಕ್ರ ಕಬ್ಬಿಣದ ಪಂಜರದೊಳಗಿರಲಿ, ಕ್ಲಿಪ್ ನಾಜಲ್ಲು ಉದ್ದ ಪೈಪು ಹಾಕಿ ಪಕ್ಕಕ್ಕೆ ನಿಲ್ಲಿ, ರಿಂಗಿನ ಎದುರು ಅಲ್ಲ. ಟೈರ್ ಇರುವ ಡಿಸ್ಕಿಗೆ ವೆಲ್ಡಿಂಗ್ ಖಂಡಿತ ಬೇಡ. ಗಾಳಿ ಬಿಟ್ಟಿದ್ದರೂ ಕಾವಿಗೆ ಒಳಗಿನ ರಬ್ಬರು ಅನಿಲವಾಗಿ ಸಿಡಿಯುತ್ತೆ.

ಗಾಳಿ ಎಷ್ಟು ಅಂತ ಟೈರಿನ ಪಕ್ಕೆಯಲ್ಲೇ ಬರೆದಿರುತ್ತೆ. ಬೆಳಿಗ್ಗೆ ತಣ್ಣಗಿರುವಾಗ ಮೀಟರ್ ಹಿಡಿದು ನೋಡಿ. ಓಡಿ ಬಂದ ಟೈರಲ್ಲಿ ಒತ್ತಡ ಏರಿದೆ ಅಂತ ಗಾಳಿ ಬಿಡಬೇಡಿ. ಗಾಳಿ ಕಮ್ಮಿ ಇಟ್ಟು ಓಡಿಸಿದರೆ ಪಕ್ಕೆ ಮಡಚಿ ಮಡಚಿ ಒಳಗಿನ ನೂಲು ಸುಡುತ್ತೆ, ಹೊರಗೆ ಕಾಣಲ್ಲ. ಭಾರದ ಅಂಕಿಯ ಪಕ್ಕ ‘ಎ8’ ಅಂತಿದ್ದರೆ ಆ ಭಾರ ಗಂಟೆಗೆ 40 ಕಿ.ಮೀ. ವೇಗಕ್ಕೆ ಹೇಳಿದ್ದು. ಕೊನೆಯ ನಾಲ್ಕಂಕಿ ತಯಾರಾದ ವಾರ ಮತ್ತು ವರ್ಷ: 2319 ಅಂದರೆ 2019ರ 23ನೇ ವಾರ. ಪಕ್ಕೆಯಲ್ಲಿ ಉಗುರು ಇಳಿಯುವಷ್ಟು ಬಿರುಕಿದ್ದರೆ ಬಟನ್ (ನೆಲ ಹಿಡಿಯುವ ಗುಬ್ಬಿ) ಎಷ್ಟೇ ಚೆನ್ನಾಗಿರಲಿ, ಆ ಟೈರ್ ಬಿಡಿ.

ಅಥಣಿ: ಟೈರ್ ಭಾರಾ ತಡೀತದೋ ಇಲ್ಲೋ ಅಂತ ಅನುಮಾನ ಇದ್ದರ, ಲೋಡ್ ಆದ ಮ್ಯಾಲ ವೇಬ್ರಿಜ್ಜಿನ ಮ್ಯಾಲ ಬರೇ ಟ್ರೇಲರ್ ಚಕ್ರಾ ನಿಲ್ಲಿಸಿ ತೂಗ್ರಿ. ಬಂದದ್ದನ್ನ ಎರಡರಿಂದ ಭಾಗಿಸಿ ಪಕ್ಕೀ ಮ್ಯಾಲಿನ ಭಾರದ ಅಂಕಿ (ಕೆಜಿ) ಕೂಡ ಹೋಲಿಸ್ರಿ. ಮೊದಲ ಲೋಡಿನಾಗ 10 ಕಿ.ಮೀ. ಆದ ಮ್ಯಾಲ ನಿಲ್ಲಿಸಿ ಎರಡೂ ಹಬ್ಬಿಗೆ ಮುಂಗೈ ಹಚ್ಚಿ ನೋಡ್ರಿ. ಬೆಚ್ಚಗಿದ್ದರ ನಡೀತೈತಿ. ಕೈ ಇಡಾಕ ಆಗಲಿಲ್ಲಂದರ ಆಕ್ಸಲ್ ನಟ್ ಬಿಗಿ ಆಗೇತಿ, ಅಲ್ಲೇ ತಣ್ಣಗ ಮಾಡಿ ನಟ್ಟಿನ ಒಂದ ಗಾಡಿ (ಪಿನ್ ಕೂಡೋ ಸೀಳು) ಹಿಂದಕ್ಕ ತಗೀರಿ.