ನೋಟ್‌ಬುಕ್ ಇಲ್ಲದೆ ಎಡಿಟರ್‌ನಲ್ಲೇ ದತ್ತಾಂಶ ಪರಿಶೀಲಿಸುವುದು ಹೇಗೆ?

ಪ್ರಶ್ನೆ:
ದೊಡ್ಡ ಸಿಎಸ್‌ವಿ ಕಡತವನ್ನು (ಪಠ್ಯರೂಪದ ಕೋಷ್ಟಕ) ಪೈಥಾನ್‌ನ ದತ್ತಾಂಶ ಲೈಬ್ರರಿಯಾದ ಪಾಂಡಾಸ್‌ನಲ್ಲಿ ತೆರೆದು, ಕಾಲಂಗಳನ್ನು ಒಂದೊಂದಾಗಿ ನೋಡುತ್ತ, ಅಲ್ಲಲ್ಲಿ ಗ್ರಾಫ್ ಬಿಡಿಸುತ್ತ ಹೋಗುವುದು ನನ್ನ ಕೆಲಸದ ರೀತಿ. ಇದಕ್ಕೆ ಬ್ರೌಸರ್‌ನಲ್ಲಿ, ಕೋಡನ್ನು ಸೆಲ್ ಎಂಬ ತುಂಡುಗಳಾಗಿ ಚಲಾಯಿಸಿ ಫಲಿತಾಂಶವನ್ನು ಅಲ್ಲೇ ತೋರಿಸುವ ಜುಪಿಟರ್ ನೋಟ್‌ಬುಕ್ ಬಳಸುತ್ತಿದ್ದೇನೆ. ನೋಟ್‌ಬುಕ್ ಕಡತವು ಒಳಗೆ ಜೇಸನ್ ಎಂಬ ಪಠ್ಯ ರೂಪದಲ್ಲಿದ್ದು, ಔಟ್‌ಪುಟ್ ಮತ್ತು ಚಿತ್ರಗಳೂ ಅದರಲ್ಲೇ ಸೇರಿರುವುದರಿಂದ, ಒಂದು ಸಾಲು ತಿದ್ದಿ ಮತ್ತೆ ಚಲಾಯಿಸಿದರೂ, ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಏನು ಬದಲಾಯಿತೆಂದು ಓದಲಾಗುವುದಿಲ್ಲ. ಸಾಮಾನ್ಯ ಪೈಥಾನ್ ಕಡತವನ್ನೇ ಎಡಿಟರ್‌ನಲ್ಲಿ ತುಂಡುತುಂಡಾಗಿ ಚಲಾಯಿಸಿ ಫಲಿತಾಂಶ ನೋಡಲು ಸಾಧ್ಯವೇ?

ಉತ್ತರ 1:
ಸಾಧ್ಯವಿದೆ. ವಿಎಸ್ ಕೋಡ್ ಎಡಿಟರ್‌ನಲ್ಲಿ ಪೈಥಾನ್ ಮತ್ತು ಜುಪಿಟರ್ ಎಕ್ಸ್‌ಟೆನ್ಶನ್‌ಗಳನ್ನು ಹಾಕಿಕೊಂಡು, ನೀವು ಬಳಸುವ ಪೈಥಾನ್ ಎನ್ವಿರಾನ್‌ಮೆಂಟ್‌ನಲ್ಲಿ ಐಪೈಕರ್ನಲ್ (ಸೆಲ್‌ಗಳನ್ನು ಚಲಾಯಿಸಲು ಬೇಕಾದ ಪ್ಯಾಕೇಜ್) ಇದೆಯೇ ಎಂದು ನೋಡಿಕೊಳ್ಳಿ. ಕಡತದಲ್ಲಿ # %% ಎಂದು ಬರೆದ ಪ್ರತಿ ಸಾಲಿನಿಂದ ಹೊಸ ಸೆಲ್ ಆರಂಭವಾಗುತ್ತದೆ. ಶಿಫ್ಟ್ ಮತ್ತು ಎಂಟರ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಆ ಸೆಲ್ ಮಾತ್ರ ಚಲಾವಣೆಯಾಗಿ, ಕೋಷ್ಟಕವೋ ಗ್ರಾಫೋ ಇಂಟರಾಕ್ಟಿವ್ ವಿಂಡೋದಲ್ಲಿ ಕಾಣಿಸುತ್ತದೆ. ಪೈಥಾನ್ ಪಾಲಿಗೆ ಆ ಗುರುತು ಬರೀ ಕಾಮೆಂಟ್ ಆದ್ದರಿಂದ, ಅದೇ ಕಡತವನ್ನು ಟರ್ಮಿನಲ್‌ನಿಂದಲೂ ಚಲಾಯಿಸಬಹುದು. ಸ್ಪೈಡರ್ ಎಂಬ ಪೈಥಾನ್ ಎಡಿಟರ್ ಕೂಡ ಇದೇ ಗುರುತನ್ನು ಒಪ್ಪುತ್ತದೆ. ಹಳೆಯ ನೋಟ್‌ಬುಕ್‌ಗಳನ್ನು ಈ ರೂಪಕ್ಕೆ ತರಲು ಜುಪಿಟೆಕ್ಸ್ಟ್ ಎಂಬ ಸಾಧನ ಇದೆ. ಹಳೆಯ ಬರಹಗಳಲ್ಲಿ ಇದೇ ಕೆಲಸ ಮಾಡುತ್ತಿದ್ದ, ಆಟಮ್ ಎಡಿಟರ್‌ನ ಹೈಡ್ರೋಜನ್ ಎಂಬ ಪ್ಯಾಕೇಜ್ ಸಿಕ್ಕರೆ ಅದರ ಹಿಂದೆ ಹೋಗಬೇಡಿ. ಆಟಮ್ 2022ರ ಡಿಸೆಂಬರ್‌ನಲ್ಲೇ ನಿಂತಿದೆ.

ಉತ್ತರ 2:
ಮೇಲಿನ ಸಲಹೆಯಿಂದ ಗಿಟ್‌ನ ತೊಂದರೆ ತೀರುತ್ತದೆ, ಆದರೆ ನೋಟ್‌ಬುಕ್‌ನ ನಿಜವಾದ ತೊಡಕು ಹಾಗೆಯೇ ಉಳಿಯುತ್ತದೆ. ಎಡಿಟರ್‌ನಲ್ಲಿ ಕಾಣುವುದು ಕಡತ, ಫಲಿತಾಂಶ ಕೊಡುವುದು ಹಿನ್ನೆಲೆಯಲ್ಲಿ ಕೋಡ್ ಚಲಾಯಿಸುವ ಕರ್ನಲ್‌ನ ಮೆಮೊರಿ. ಇವೆರಡೂ ಸದಾ ಒಂದೇ ಆಗಿರಬೇಕೆಂದಿಲ್ಲ. ಕಾಲಂ ಒಂದನ್ನು 100ರಿಂದ ಗುಣಿಸಿ ಅದೇ ಹೆಸರಿನಲ್ಲಿ ಇಡುವ ಸೆಲ್ ಎರಡು ಸಲ ಚಲಾವಣೆಯಾದರೆ ಮೌಲ್ಯಗಳು 10,000 ಪಟ್ಟಾಗುತ್ತವೆ, ಕಡತದಲ್ಲಿ ಮಾತ್ರ ಯಾವ ತಪ್ಪೂ ಕಾಣುವುದಿಲ್ಲ. ಆದ್ದರಿಂದ ಮಾರ್ಪಡಿಸಿದ ದತ್ತಾಂಶಕ್ಕೆ ಹೊಸ ಹೆಸರು ಕೊಡಿ, ಯಾವುದೇ ಅಂಕಿಯನ್ನು ಇತರರಿಗೆ ತೋರಿಸುವ ಮೊದಲು ಕರ್ನಲ್ ಅನ್ನು ರೀಸ್ಟಾರ್ಟ್ ಮಾಡಿ ಎಲ್ಲ ಸೆಲ್‌ಗಳನ್ನೂ ಮೇಲಿನಿಂದ ಚಲಾಯಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕಡತ ಓದಲಿಕ್ಕೇ ಹಲವು ನಿಮಿಷ ಹಿಡಿಯುವುದರಿಂದ ರೀಸ್ಟಾರ್ಟ್ ಮಾಡಲು ಮನಸ್ಸು ಬರುವುದಿಲ್ಲ.

ಉತ್ತರ 2:
ಹಾಗಿದ್ದರೆ ಎಡಿಟರ್‌ಗಿಂತ ಮೊದಲು ಅದನ್ನೇ ಸರಿಪಡಿಸಿಕೊಳ್ಳಿ. ಸಿಎಸ್‌ವಿಯನ್ನು ಒಮ್ಮೆ ಓದಿ ಪಾರ್ಕೆ (ದತ್ತಾಂಶವನ್ನು ಕಾಲಂವಾರು ಇಡುವ ಕಡತ) ರೂಪದಲ್ಲಿ ಉಳಿಸಿಟ್ಟರೆ, ಪಠ್ಯವನ್ನು ಪ್ರತಿ ಸಲ ಬಿಡಿಸಿ ಸಂಖ್ಯೆಯೋ ದಿನಾಂಕವೋ ಎಂದು ಊಹಿಸುವ ಕೆಲಸ ತಪ್ಪುತ್ತದೆ, ಬೇಕಾದ ಕಾಲಂಗಳನ್ನಷ್ಟೇ ಓದಲೂಬಹುದು. ದಿನಾಂಕದ ಕಾಲಂಗಳನ್ನು ಉಳಿಸುವ ಮೊದಲೇ ಸರಿಯಾದ ಪ್ರಕಾರಕ್ಕೆ ಬದಲಿಸಿಕೊಳ್ಳಿ. ಗ್ರಾಫ್‌ಗಳನ್ನು ಪರೀಕ್ಷಿಸುವಾಗ ಸಾವಿರಾರು ಸಾಲುಗಳ ಯಾದೃಚ್ಛಿಕ ಮಾದರಿಯೇ ಸಾಕು. ಆದರೆ ಅಪರೂಪದ ಮೌಲ್ಯಗಳನ್ನು ಹುಡುಕುತ್ತಿದ್ದರೆ ಪೂರ್ಣ ದತ್ತಾಂಶವೇ ಬೇಕು.