ಅಪ್‌ಡೇಟ್: ಕಾರಿನ ಒಳಭಾಗ ಬಿಚ್ಚಿ ತೂಕ ಇಳಿಸಿದ್ದು ಏನಾಯ್ತು

ದಿನಾ ಚಿಕ್ಕಮಗಳೂರು–ಮೂಡಿಗೆರೆ ಓಡಾಡೋ ನನ್ನ ಹಳೇ ಹ್ಯಾಚ್‌ಬ್ಯಾಕ್ ಏರಿನಲ್ಲಿ ಎಳೀತಿಲ್ಲ, ಒಳಗಿರೋದೆಲ್ಲ ಬಿಚ್ಚಿ ತೂಕ ಇಳಿಸಲಾ ಅಂತ ಮೂರು ವಾರದ ಹಿಂದೆ ಕೇಳಿದ್ದೆ.

ಹಿಂದಿನ ಸೀಟು, ಡಿಕ್ಕಿ ಹಲಗೆ, ಕಾರ್ಪೆಟ್ ಬಿಚ್ಚಿ ಕಾಫಿ ಮೂಟೆ ತೂಗೋ ತಕ್ಕಡಿ ಮೇಲಿಟ್ಟೆ. ಒಟ್ಟು 31 ಕೆ.ಜಿ. ಏರಿನಲ್ಲಿ ವ್ಯತ್ಯಾಸವೇ ಗೊತ್ತಾಗಲಿಲ್ಲ. ಸದ್ದು ಮಾತ್ರ ವಿಪರೀತ, ಮಳೆಯಲ್ಲಂತೂ ಪಕ್ಕದಲ್ಲಿ ಕೂತವರ ಮಾತೂ ಕೇಳಲ್ಲ. ಸದ್ದು ತಡೆಯೋಕೆ ನೆಲದ ತಗಡಿಗೆ ಅಂಟಿಸಿರೋ ಡಾಂಬರು ಶೀಟನ್ನ ಡ್ರೈ ಐಸ್ (ಗಟ್ಟಿ ಕಾರ್ಬನ್ ಡೈಆಕ್ಸೈಡ್) ಹಾಕಿ ಕೀಳೋ ಸಲಹೆ ಆಗಲಿಲ್ಲ, ಇಲ್ಲಿ ಡ್ರೈ ಐಸ್ ಸಿಗಲಿಲ್ಲ.

ಕೆಲಸ ಮಾಡಿದ್ದು "ಜಾಕ್ ಏರಿಸಿ ಒಂದೊಂದೇ ಚಕ್ರ ಕೈಯಲ್ಲಿ ತಿರುಗಿಸಿ ನೋಡಿ" ಅಂದವರ ಮಾತು. ಹಿಂದಿನ ಎಡಚಕ್ರದ ಬ್ರೇಕ್ ಹಿಡಿದುಕೊಂಡಿತ್ತು! ಅದನ್ನ ಬಿಡಿಸಿ, ಧೂಳು ಕಟ್ಟಿದ್ದ ಏರ್ ಫಿಲ್ಟರ್ ಬದಲಿಸಿ, 22 ಪಿಎಸ್‌ಐಗೆ ಇಳಿದಿದ್ದ ಗಾಳಿಯನ್ನ 30ಕ್ಕೆ ತಂದೆ. ಮೊದಲು ಸೆಕೆಂಡ್ ಗೇರಿಗೆ ಇಳಿಸಬೇಕಿದ್ದ ಏರು ಈಗ ಥರ್ಡಲ್ಲೇ ಹತ್ತುತ್ತೆ. ಅವರಿಗೆ ತುಂಬಾ ಥ್ಯಾಂಕ್ಸ್.

ಆದರೂ ಬಿಚ್ಚಿದ್ದು ಒಳ್ಳೇದೇ ಆಯ್ತು. ಡ್ರೈವರ್ ಕಡೆ ಕಾರ್ಪೆಟ್ ಕೆಳಗಿನ ಫೋಮ್ ನೀರು ಕುಡಿದು ಕೂತಿತ್ತು, ತಗಡಿಗೆ ತುಕ್ಕು ಶುರುವಾಗಿತ್ತು. ಬಾಗಿಲ ರಬ್ಬರ್ ಹರಿದು ಮಳೆನೀರು ಇಳೀತಿತ್ತು. ಒಣಗಿದ ಮೇಲೆ ಕಾರ್ಪೆಟ್ ತೂಕ 9ರಿಂದ 5 ಕೆ.ಜಿ.ಗೆ ಬಂತು. ತುಕ್ಕು ಉಜ್ಜಿ, ಪ್ರೈಮರ್, ಪೇಂಟ್ ಹೊಡೆದು, ಹೊಸ ರಬ್ಬರ್ ಹಾಕಿಸಿದೆ. ಮಲೆನಾಡಲ್ಲಿ ಗಾಡಿ ಇರೋರು ಮಳೆಗಾಲ ಮುಗಿದ ತಕ್ಷಣ ಒಮ್ಮೆ ಕಾರ್ಪೆಟ್ ಎತ್ತಿ ಕೈಯಿಟ್ಟು ನೋಡಿ.

ಸೀಟು ವಾಪಸ್ ಕೂರಿಸಿದೀನಿ. ಆರ್‌ಸಿಯಲ್ಲಿ ಐದು ಸೀಟು ಅಂತಿದೆ, ಆ ವಿವರಕ್ಕೆ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಿಸೋದನ್ನ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತೆ.